ಹಡಗಿನ ಕಾಂಪಾಸಿಗೊಂದು ಗೂಡು

ಹೆದರುವವನ ಮೇಲೆ ಹಾವು ಎಸೆದರು ಅನ್ನುತ್ತಾರೆ. ನನ್ನ ಮೇಲೆ ಎಸೆಯಲು ಬೇರೆ ಯಾರೂ ಬೇಕಿರಲಿಲ್ಲ, ನಾನು ಕೆಲಸಕ್ಕೆ ಸೇರಿದ ಜಾಗವೇ ಸಾಕಿತ್ತು. ವಾರಕ್ಕೊಂದಾದರೂ ಜೀವ ಬಾಯಿಗೆ ಬರುವಂಥ ಪ್ರಸಂಗ ಅಲ್ಲಿ ನಡೆಯದೆ ಇರುತ್ತಿರಲಿಲ್ಲ. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ಬರುತ್ತಿದ್ದದ್ದು ಬೆವರು.

ಎಪ್ಪತ್ತರ ದಶಕದ ಕೊನೆಯ ಮಾತು. ತಿಪಟೂರಿನಿಂದ ಕಿಬ್ಬನಹಳ್ಳಿಗೆ ಹೋಗುವ ದಾರಿಯಲ್ಲಿ, ತೆಂಗಿನ ತೋಟದ ಅಂಚಿಗೆ ಒಂದು ಷೆಡ್ಡು. ಮೊದಲು ಅಲ್ಲಿ ಕೊಬ್ಬರಿಗೆಂದು ಕಾಯಿ ತುಂಬಿಡುತ್ತಿದ್ದರು. ಈಗ ನಾವು ಅದರಲ್ಲಿ ಕೂತು ಹಡಗಿನ ಕಾಂಪಾಸಿಗೆ ಗೂಡು ಮಾಡುತ್ತಿದ್ದೆವು. ಗೂಡು ಅಂದರೆ ಎದೆಯೆತ್ತರದ ತೇಗದ ಕಂಬ, ಅದರ ತಲೆಯ ಮೇಲೆ ಹಿತ್ತಾಳೆಯ ಟೋಪಿ, ಟೋಪಿಯೊಳಗೆ ದಿಕ್ಕು ತೋರಿಸುವ ಮುಳ್ಳಿನ ಬಟ್ಟಲು. ಹಡಗು ನಡೆಸುವವನು ಅದನ್ನು ನೋಡಿಕೊಂಡೇ ದಾರಿ ಹಿಡಿಯಬೇಕು. ನಮ್ಮಲ್ಲಿ ಒಬ್ಬರೂ ಸಮುದ್ರ ನೋಡಿದವರಲ್ಲ.

ನಮ್ಮ ಯಜಮಾನರದು ತಲೆತಲಾಂತರದಿಂದ ಕೊಬ್ಬರಿ ವ್ಯಾಪಾರದ ಮನೆತನ. ಕೊಬ್ಬರಿ ಕೊಳ್ಳಲು ಬರುತ್ತಿದ್ದ ಬೊಂಬಾಯಿಯ ಸೇಟು ಒಬ್ಬರ ತಮ್ಮ ಹಡಗಿನ ಸಾಮಾನು ಸರಬರಾಜು ಮಾಡುತ್ತಿದ್ದರು. ಆ ತಮ್ಮನವರು ಒಮ್ಮೆ ಬಂದಾಗ ಯಜಮಾನರ ಮನೆಯ ಬಾಗಿಲನ್ನು ಸವರಿ ನೋಡಿ, ಇದನ್ನು ಮಾಡಿದ ಆಚಾರ್ರು ಯಾರು ಅಂತ ಕೇಳಿದರು. ಅಲ್ಲಿಂದ ಶುರುವಾಯಿತು ಈ ಕೆಲಸ. ಮೊದಲ ಗೂಡು ಪರೀಕ್ಷೆಯಲ್ಲಿ ಪಾಸಾದರೆ ಮುಂದೆ ಕೈತುಂಬ ಕೆಲಸ. ಫೇಲಾದರೆ ಷೆಡ್ಡಿಗೆ ಮತ್ತೆ ಕಾಯಿ ತುಂಬುವುದಕ್ಕೆ ಯಜಮಾನರ ಅಣ್ಣ ತುದಿಗಾಲಲ್ಲಿ ನಿಂತಿದ್ದರು.

ಮರದ ಕೆಲಸಕ್ಕೆ ವಯಸ್ಸಾದ ಆಚಾರ್ರು, ಹಿತ್ತಾಳೆ ಕೆಲಸಕ್ಕೆ ಬಾಯಿಬಡುಕ ಒಬ್ಬ, ನಕ್ಷೆ ಬರೆಯಲು ಮತ್ತು ಪರೀಕ್ಷೆ ಮಾಡಿ ರುಜು ಹಾಕಲು ನಾನು. ಇದ್ದದ್ದು ಒಂದೇ ಕಾನೂನು: ಗೂಡಿನಲ್ಲಿ ಕಬ್ಬಿಣ ಕೂಡದು. ತಿರುಪುಗಳೂ ಹಿತ್ತಾಳೆಯವೇ. ನಾನು ಸೇರಿದ ದಿನವೇ ಯಜಮಾನರು ಕೂರಿಸಿಕೊಂಡು ಹೇಳಿದರು:

"ನೋಡಪ್ಪ, ಒಂದು ಮೊಳೆ ಒಳಗೆ ಉಳೀತು ಅಂದ್ರೆ ಮುಳ್ಳು ಸುಳ್ಳು ಹೇಳ್ತದೆ. ಹಡಗು ಹೋಗಿ ಬಂಡೆಗೆ ಹೊಡೀತದೆ. ನೂರಾರು ಜನ ನೀರುಪಾಲು. ಕಾಗದದ ಮೇಲೆ ರುಜು ಯಾರ್ದು?"

"ನಂದು."

"ಹಾಂ. ಈಗ ಹೋಗಿ ಕೆಲಸ ಮಾಡು."

ನಾನು ಹುಟ್ಟಾ ಪುಕ್ಕಲ. ಅವತ್ತಿನಿಂದ ನಿದ್ದೆಯಲ್ಲೂ ಮೊಳೆ ಹುಡುಕತೊಡಗಿದೆ.

ಮುಳ್ಳು ತೋರಿಸಿದ ಕಳ್ಳ

ಗೂಡು ಅರ್ಧ ಆಗಿತ್ತು. ಬೊಂಬಾಯಿಯಿಂದ ಕಳಿಸಿದ್ದ ಕಾಂಪಾಸನ್ನು ಕೂರಿಸಿ ನೋಡುತ್ತಿದ್ದಾಗ ಒಂದು ಬೆಳಿಗ್ಗೆ ಮುಳ್ಳು ಉತ್ತರ ಬಿಟ್ಟು ಸರಿದು ನಿಂತಿತು. ಹೊರಗೆ ಓಡಿ ಯಜಮಾನರನ್ನು ಕರೆದು ತಂದೆ.

ಅವರು ಬಂದವರೇ ಗೂಡಿನ ಪಕ್ಕ ನಿಂತು, "ಯಾರೋ ಕಬ್ಬಿಣ ಇಟ್ಕೊಂಡು ಒಳಗೆ ಬಂದಿದೀರಿ. ಒಬ್ಬೊಬ್ಬರಾಗಿ ಬಂದು ನಿಲ್ಲಿ. ಮುಳ್ಳೇ ಹೇಳ್ತದೆ" ಅಂದರು.

ಆಚಾರ್ರು ನಿಂತರು. ಮುಳ್ಳು ಅವರ ಕಡೆ ನೋಡಲಿಲ್ಲ. ಅಷ್ಟರಲ್ಲಿ ಕಿಟಕಿಯಾಚೆ ಹೊಸ ಲಾಳ ಕಟ್ಟಿಸಿಕೊಂಡಿದ್ದ ಎತ್ತು ಮೇಯುತ್ತಿರುವುದನ್ನು ಕಂಡು ಅದನ್ನು ಓಡಿಸಿದ್ದೂ ಆಯಿತು. ಮೊದಲು ಮುಳ್ಳು ಸರಿದದ್ದಕ್ಕೆ ಅದೇ ಕಾರಣವಿರಬೇಕು. ಆದರೆ ಮುಳ್ಳು ಈಗಲೂ ನೆಟ್ಟಗಾಗಲಿಲ್ಲ, ಇನ್ನೊಂದು ಕಡೆಗೆ ವಾಲಿತು. ನಾನು ಹೋಗಿ ನಿಂತೆ. ಮುಳ್ಳು ನನ್ನನ್ನೂ ಕೇರ್ ಮಾಡಲಿಲ್ಲ.

ಯಜಮಾನರು ಸಿಟ್ಟಿನಿಂದ ಗೂಡನ್ನು ಒಂದು ಸುತ್ತು ಬಂದರು. ಮುಳ್ಳೂ ಅವರ ಜೊತೆಗೇ ಜರುಗಿತು. ಅವರು ಈ ಕಡೆ ಬಂದರೆ ಈ ಕಡೆ, ಆ ಕಡೆ ಹೋದರೆ ಆ ಕಡೆ. ಅವರ ಸೊಂಟದಲ್ಲಿ ಹಳೆಯ ಗೋದಾಮಿನ ಬೀಗದಕೈ ಗೊಂಚಲು ನೇತಾಡುತ್ತಿತ್ತು. ಒಂದೊಂದು ಕೈಯೂ ಗೇಣುದ್ದ, ಅಪ್ಪಟ ಕಬ್ಬಿಣ.

ನನಗೆ ಕಂಡಿತು. ಆಚಾರ್ರಿಗೂ ಕಂಡಿತು. ಆದರೆ ಹೇಳುವವರು ಯಾರು? ಆಚಾರ್ರು ಉಳಿ ಒರೆಸತೊಡಗಿದರು. ನಾನು ಸೂರು ನೋಡತೊಡಗಿದೆ.

"ಯಾರ ಕಡೆ ತೋರಿಸ್ತಾ ಐತ್ರೋ?" ಅಂತ ಯಜಮಾನರು ಗದರಿದರು.

ಹಿತ್ತಾಳೆಯವನು ಕೈಕಟ್ಟಿಕೊಂಡು ತುಂಬ ವಿನಯದಿಂದ ಹೇಳಿದ: "ಮುಳ್ಳು ಬೊಂಬಾಯಿದು ಯಜಮಾನ್ರೆ. ಇಲ್ಲಿ ಯಜಮಾನ್ರು ಯಾರು ಅಂತ ಅದಕ್ಕಿನ್ನೂ ಗೊತ್ತಿಲ್ಲ."

ಕೆರೆ ಏರಿಯ ಸಮುದ್ರ

ಹಡಗು ಹೇಗೆ ಓಲಾಡಿದರೂ ಬಟ್ಟಲು ಮಾತ್ರ ಮಟ್ಟವಾಗಿ ನಿಲ್ಲಬೇಕು. ಅದಕ್ಕೆ ಒಂದರೊಳಗೊಂದು ಆಡುವ ಎರಡು ಹಿತ್ತಾಳೆ ಬಳೆಗಳನ್ನು ಕೂರಿಸಿದ್ದೆವು. ಸರಿಯಾಗಿ ಆಡುತ್ತವೋ ಇಲ್ಲವೋ ನೋಡುವುದು ಹೇಗೆ? ನಮ್ಮ ಸೀಮೆಯಲ್ಲಿ ಓಲಾಡುವುದು ಅಂದರೆ ಎತ್ತಿನ ಗಾಡಿ ಒಂದೇ.

ಕಾಂಪಾಸನ್ನು ಜೋಪಾನವಾಗಿ ತೆಗೆದಿಟ್ಟು, ಅದರ ಜಾಗಕ್ಕೆ ಅಂಚಿನವರೆಗೂ ಕೊಬ್ಬರಿ ಎಣ್ಣೆ ತುಂಬಿದ ಬಟ್ಟಲು ಇಟ್ಟೆವು. ಎಣ್ಣೆ ಚೆಲ್ಲದಿದ್ದರೆ ಪಾಸು. ಗೂಡನ್ನು ಗಾಡಿಯ ನಡುವೆ ಕಟ್ಟಿ, ಕಣ್ಣು ಕೀಳದೆ ನೋಡುತ್ತಿರಲು ನನ್ನನ್ನು ಅದರೆದುರು ಕೂರಿಸಿದರು.

"ಸಮುದ್ರದ ಥರ ಹೊಡಿಯಪ್ಪ" ಅಂತ ಯಜಮಾನರು ಗಾಡಿಯವನಿಗೆ ಹೇಳಿದರು.

"ಸಮುದ್ರ ಹೆಂಗಿರ್ತದೆ ಸ್ವಾಮಿ?"

"ನಂಗೇನ್ಲಾ ಗೊತ್ತು? ಒಂದೂ ಗುಂಡಿ ಬುಡಬೇಡ, ಎಲ್ಲದ್ರ ಮೇಲೂ ಹತ್ತಿಸು."

ಆ ಪುಣ್ಯಾತ್ಮ ಕೊಟ್ಟ ಮಾತಿಗೆ ತಪ್ಪಲಿಲ್ಲ. ಊರ ಹೊರಗಿನ ದಾರಿ ಮುಗಿಸಿ ಕೆರೆ ಏರಿಯ ಮೇಲೆ ಹತ್ತಿಸಿದ. ಆ ವರ್ಷ ಕೆರೆ ತುಂಬಿತ್ತು. ಎಡಗಡೆ ತುಳುಕುವ ನೀರು, ಬಲಗಡೆ ಆಳದಲ್ಲಿ ತೋಟ. ನನಗೆ ಈಜು ಬರುವುದಿಲ್ಲ. ಗಾಡಿ ಎಡಕ್ಕೆ ವಾಲಿದಾಗ ನೀರು ನನ್ನ ಕಿವಿಯ ಹತ್ತಿರ ಬಂದ ಹಾಗಾಗುತ್ತಿತ್ತು. ಬಲಕ್ಕೆ ವಾಲಿದರೆ ತೆಂಗಿನ ಸುಳಿಗಳು ಕೆಳಗಡೆ ಕಾಣುತ್ತಿದ್ದವು. "ನಿಧಾನ ಕಣಪ್ಪಾ" ಅಂತ ಕೂಗಿದೆ. ಅವನಿಗೆ ಕೇಳಿಸಿದ್ದು ಎತ್ತುಗಳ ಗೆಜ್ಜೆ ಮಾತ್ರ. ಮನೆದೇವರಿಗೆ ಹರಕೆ ಹೊತ್ತೆ. ಬಟ್ಟಲು ಮಾತ್ರ ಬಳೆಗಳ ನಡುವೆ ಹಾಯಾಗಿ ಕೂತಿತ್ತು. ನನ್ನ ಹೊಟ್ಟೆಗೆ ಅಂಥ ಬಳೆ ಇರಲಿಲ್ಲ.

ಷೆಡ್ಡಿಗೆ ವಾಪಸು ಬಂದಾಗ ನನ್ನನ್ನು ಇಬ್ಬರು ಹಿಡಿದು ಇಳಿಸಿದರು. ಯಜಮಾನರು ನನ್ನ ಕಡೆ ನೋಡದೆ ಗಾಡಿಯವನನ್ನು ಕೇಳಿದರು, "ಏನಾಯ್ತೋ? ಚೆಲ್ತಾ?"

ಅವನು ಹೇಳಿದ: "ಎಣ್ಣೆ ಒಂದು ತೊಟ್ಟೂ ಚೆಲ್ಲಿಲ್ಲ ಸ್ವಾಮಿ. ಚೆಲ್ಲಿದ್ದೆಲ್ಲ ಇವ್ರೇ. ಗಾಡಿ ತೊಳಿಯೋಕೆ ಯಾರನ್ನಾದ್ರೂ ಕಳಿಸಿ."

ಹೆಣ್ಣು ನೋಡಲು ಹೋದದ್ದು

ನನ್ನ ಭಯ ನನ್ನ ಹತ್ತಿರವೇ ಇದ್ದಿದ್ದರೆ ಚೆನ್ನಾಗಿತ್ತು. ಅದನ್ನು ಅಮ್ಮನಿಗೆ ಹೇಳಿಕೊಂಡೆ. ಅಮ್ಮ ಅದನ್ನು ಊರಿಗೆ ಹಂಚಿದಳು. ತುರುವೇಕೆರೆ ಕಡೆ ಹೆಣ್ಣು ನೋಡಲು ಹೋಗುವ ಹೊತ್ತಿಗೆ ಅದು ನಮಗಿಂತ ಮೊದಲೇ ಅಲ್ಲಿ ಹೋಗಿ ಕೂತಿತ್ತು.

ಉಪ್ಪಿಟ್ಟು ಕೊಟ್ಟರು. ಹುಡುಗಿ ಬಂದು ತಟ್ಟೆ ಇಟ್ಟು ಹೋದಳು. ಮೆಚ್ಚಿಗೆಯಾಯಿತು, ಮುಚ್ಚಿಟ್ಟು ಏನು ಪ್ರಯೋಜನ. ಹುಡುಗಿಯ ತಾತ ಗೋಡೆಗೆ ಒರಗಿ ಕೂತು ನನ್ನನ್ನೇ ನೋಡುತ್ತಿದ್ದರು.

"ಹಡಗಿಗೆ ದಾರಿ ತೋರ್ಸೋದು ಮಾಡ್ತೀಯಂತಲ್ಲಪ್ಪ. ಸಮುದ್ರ ಹೆಂಗೈತೆ?"

"ನೋಡಿಲ್ಲ ತಾತ."

"ಹೋಗ್ಲಿ, ಹಡಗು?"

"ಅದೂ ನೋಡಿಲ್ಲ."

"ಈಜು ಬತ್ತದಾ?"

"ಇಲ್ಲ."

"ಹಡಗೇನಾದ್ರೂ ಮುಳುಗಿದ್ರೆ ಪೋಲೀಸ್ನೋರು ಹಿಡಿಯೋದು ಯಾರನ್ನ?"

ನಾನು ಸುಳ್ಳು ಹೇಳಬಹುದಿತ್ತು. ಆದರೆ ಹೆದರಿದವನ ಬಾಯಲ್ಲಿ ನಿಜವೇ ಮುಂಚೆ ಬರುತ್ತದೆ. "ರುಜು ನಂದೇ ತಾತ" ಅಂದೆ. ಅಮ್ಮ ನನ್ನ ತೊಡೆ ಚಿವುಟಿದಳು.

ತಾತ ಎದ್ದು ಕೂತು ತಮ್ಮ ಮಗನನ್ನು ಕರೆದರು. "ದಬ್ಬೇಘಟ್ಟದ ಆ ಬಸ್ ಕಂಡಕ್ಟರ್ ಹುಡುಗನ ಮನೇವ್ರಿಗೆ ಹೇಳಿಕಳ್ಸು ಕಣ್ಲಾ. ಅವನು ತೋರ್ಸೋ ದಾರಿ ಕಣ್ಣಿಗಾದ್ರೂ ಕಾಣ್ತದೆ."

ಬೊಂಬಾಯಿಯಿಂದ ಬಂದ ಕ್ಯಾಪ್ಟನ್

ಕೊನೆಗೂ ಗೂಡು ಮುಗಿಯಿತು. ನಾನು ಕಾಂಪಾಸು ಕೂರಿಸಿ ತಿರುತಿರುಗಿಸಿ ನೋಡಿ, ಎಲ್ಲ ಸರಿಯಿದೆ ಅನ್ನಿಸಿದ ಮೇಲೂ ಮತ್ತೆ ನೋಡಿ, ರುಜು ಹಾಕಿದೆ. ಅದಾದ ಮೇಲೆ ಆಚಾರ್ರು ಕೊನೆಯ ಪಾಲಿಶ್ ಕೊಟ್ಟರು. ಕೆಲವು ದಿನ ಬಿಟ್ಟು ಪರೀಕ್ಷೆ ಮಾಡಲು ಬೊಂಬಾಯಿಯಿಂದ ಒಬ್ಬರು ಬಂದರು. ಹಡಗು ನಡೆಸಿ ನಿವೃತ್ತರಾದ ಕ್ಯಾಪ್ಟನ್. ನಮ್ಮ ಕರಾವಳಿಯವರೇ, ಕನ್ನಡ ಬರುತ್ತಿತ್ತು. ಆದರೆ ಮಾತೇ ಆಡುತ್ತಿರಲಿಲ್ಲ. ಮಾತಾಡದವರನ್ನು ಕಂಡರೆ ನನಗೆ ಇನ್ನೂ ಭಯ.

ಅವರು ಗೂಡನ್ನು ಸವರಿದರು, ತಟ್ಟಿದರು, ಬಳೆ ಆಡಿಸಿದರು. ಮುಖದಲ್ಲಿ ಸಂತೋಷ ಕಂಡಿತು. ಆಮೇಲೆ ಕಾಂಪಾಸು ಕೂರಿಸಿದರು. ಮುಳ್ಳು ತೂಗಿತು, ನಿಂತಿತು. ನಿಂತದ್ದು ಉತ್ತರಕ್ಕಲ್ಲ.

ಯಜಮಾನರು ಬೀಗದಕೈಗಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಈಗ ಕನ್ನಡಕವನ್ನೂ ತೆಗೆದು ಹೊರಗೆ ಎಸೆದರು. ಬಾಗಿಲಲ್ಲಿ ಅವರ ಅಣ್ಣ ನಿಂತಿದ್ದರು. ಅವರ ಕಣ್ಣು ಆಗಲೇ ಷೆಡ್ಡಿನ ಉದ್ದಗಲ ಅಳೆಯುತ್ತಿತ್ತು.

ಕ್ಯಾಪ್ಟನ್ ಗೂಡನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದರು. ಗೂಡು ತಿರುಗಿದ ಹಾಗೆಲ್ಲ ಮುಳ್ಳಿನ ತಪ್ಪೂ ಬದಲಾಯಿತು. "ತಪ್ಪು ಕೋಣೆಯಲ್ಲಿಲ್ಲ ಮಾರಾಯ್ರೆ. ಗೂಡಿನ ಒಳಗೇ ಇದೆ" ಅಂದರು. ಕಾಗದ ಎತ್ತಿಕೊಂಡು, "ಪರೀಕ್ಷೆ ಮಾಡಿದವರು ಯಾರು?" ಅಂತ ಕೇಳಿದರು.

ನೋಡದ ಸಮುದ್ರ ಕಣ್ಣಮುಂದೆ ಬಂತು. ನೂರಾರು ಜನ ನೀರಿನೊಳಗಿಂದ ನನ್ನ ಹೆಸರು ಹಿಡಿದು ಕೂಗಿದ ಹಾಗಾಯಿತು. ಮೆಲ್ಲಗೆ ಕೈ ಎತ್ತಿದೆ.

ಅವರು ಜೇಬಿನಿಂದ ಪುಟ್ಟ ಕಾಂಪಾಸು ತೆಗೆದು ಗೂಡಿನ ಮೈಗುಂಟ ಸರಿಸುತ್ತ ಹೋದರು. ಬಟ್ಟಲಿನ ಸ್ವಲ್ಪ ಕೆಳಗೆ, ಬರೀ ನುಣುಪಾದ ತೇಗ ಕಾಣುವ ಕಡೆ, ಅದು ಗಿರಕ್ಕನೆ ತಿರುಗಿತು. ಅಲ್ಲಿ ಸೇರಿಸಿದ ಗುರುತಿಲ್ಲ, ಗೆರೆಯಿಲ್ಲ. ಅವರು ಉಳಿ ಕೊಡಿ ಅಂದರು.

ಆಗ ಹಿಂದಿನಿಂದ ಆಚಾರ್ರ ದನಿ ಬಂತು: "ಅಲ್ಲಿ ಹೊಡೀಬ್ಯಾಡಿ ಸ್ವಾಮಿ, ಪಾಲಿಶ್ ಹೋಯ್ತದೆ. ನಾನೇ ತೆಗೀತೀನಿ."

ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ಹಾಗೇ ಆಚಾರ್ರು ಉಳಿಯ ಮೊನೆಯಿಂದ ಒಂದು ಮರದ ಬಿರಡೆ ಎಬ್ಬಿಸಿದರು. ಒಳಗಿನ ಸಣ್ಣ ತೂತಿನಿಂದ ಅರಿಶಿನದ ಬಟ್ಟೆ ಸುತ್ತಿದ ಗಂಟು ಹೊರಬಂತು. ಬಿಚ್ಚಿದರೆ ಎತ್ತಿನ ಲಾಳದ ತುಂಡು.

ಯಜಮಾನರು ಅಲ್ಲೇ ಮರದ ದಿಮ್ಮಿಯ ಮೇಲೆ ಕುಸಿದು ಕೂತರು. "ಆಚಾರ್ರೇ! ಕಬ್ಬಿಣ! ನೀವೇನ್ರೀ?"

"ನಾನೇ ಕಣ್ರೀ" ಅಂದರು ಆಚಾರ್ರು. "ನೀರಿನ ಮೇಲೆ ಹೋಗೋ ಮಕ್ಕಳು. ಸಮುದ್ರದಲ್ಲಿ ಸತ್ತೋರಿಗೆ ಮಣ್ಣಿಲ್ಲ, ತಿಥಿಯಿಲ್ಲ. ಅವೆಲ್ಲ ದೆವ್ವ ಆಗಿ ಅಲ್ಲೇ ಅಲೀತಿರ್ತವೆ. ಕಬ್ಬಿಣ ಇದ್ರೆ ಹತ್ರ ಸುಳಿಯಾಕಿಲ್ಲ. ಬಾಣಂತಿ ತಲೆದಿಂಬಿನಡಿ ನಾವು ಇಡಾಕಿಲ್ವಾ? ನೀವು ನೋಡಿದ್ರೆ ಒಂದು ಮೊಳೆನೂ ಬ್ಯಾಡ ಅಂತೀರಿ. ಆ ಮಕ್ಕಳನ್ನ ಬರಿಗೈಲಿ ಕಳಿಸೋಕೆ ನಂಗೆ ಮನಸು ಬರ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ರುಜು ಆದ್ಮೇಲೇ ಇಟ್ಟೆ ಕಣಪ್ಪ, ನಿಂಗ್ಯಾಕೆ ತೊಂದ್ರೆ ಅಂತ" ಅಂದರು.

ಕ್ಯಾಪ್ಟನ್ ಲಾಳವನ್ನು ದೂರ ಕಿಟಕಿಯ ಹತ್ತಿರ ಇಟ್ಟು ಬಂದರು. ಮುಳ್ಳು ತೂಗಿ ತೂಗಿ ನೆಟ್ಟಗೆ ಉತ್ತರಕ್ಕೆ ನಿಂತಿತು. ಹೇಗೆ ತಿರುಗಿಸಿದರೂ ಕದಲಲಿಲ್ಲ. ಅವರು ಕಾಗದದ ಮೇಲೆ ನನ್ನ ರುಜುವಿನ ಪಕ್ಕ ತಮ್ಮ ರುಜು ಹಾಕಿದರು. ನನಗೆ ಅಳು ಬಂತು. ಬಾಗಿಲಲ್ಲಿದ್ದ ಅಣ್ಣ ಗೊಣಗಿಕೊಂಡು ತೋಟದ ಕಡೆ ಹೊರಟರು.

ಆಮೇಲೆ ಕ್ಯಾಪ್ಟನ್ ಮೊದಲ ಸಲ ನಕ್ಕರು. "ಆಚಾರ್ರೇ, ಹಡಗನ್ನು ಯಾವುದರಿಂದ ಮಾಡ್ತಾರೆ ಹೇಳಿ ನೋಡುವ."

"ಇನ್ಯಾತರಿಂದ? ಮರದಿಂದ. ಕಬ್ಬಿಣ ಎಲ್ಲಾದ್ರೂ ನೀರಲ್ಲಿ ತೇಲ್ತದಾ?"

"ಪೂರ್ತಿ ಕಬ್ಬಿಣ. ತಳದಿಂದ ತುದಿಯವರೆಗೆ. ಅದು ಮುಳ್ಳನ್ನು ಎಳೆಯುತ್ತದೆ ಅಂತಲೇ ಈ ಗೂಡಿನ ಎರಡೂ ಪಕ್ಕಕ್ಕೆ ಬೊಂಬಾಯಿಯಲ್ಲಿ ಕಬ್ಬಿಣದ ಗುಂಡು ಕೂರಿಸಿ ಸರಿದೂಗಿಸ್ತೇವೆ. ಲೆಕ್ಕಕ್ಕೆ ಸಿಕ್ಕುವ ಕಬ್ಬಿಣ ಪರವಾಗಿಲ್ಲ. ನೀವು ಬಚ್ಚಿಟ್ಟದ್ದು ಲೆಕ್ಕಕ್ಕೆ ಸಿಕ್ಕುವುದಿಲ್ಲ, ಅಷ್ಟೇ."

ಹಡಗು ಕಬ್ಬಿಣದ್ದು ಅಂತ ನಾನು ಪುಸ್ತಕದಲ್ಲಿ ಓದಿದ್ದೆ. ಆದರೆ ಹೆದರಿಕೊಂಡವನಿಗೆ ಓದಿದ್ದು ನೆನಪಾಗುತ್ತದೆಯೇ?

ಆಚಾರ್ರು ಮಾತ್ರ ಗಲ್ಲಕ್ಕೆ ಕೈಹಚ್ಚಿ ಒಂದು ಗಳಿಗೆ ಯೋಚಿಸಿದರು. ಮುಖ ಅರಳಿತು. ನೆಟ್ಟಗೆ ಕಿಟಕಿಯ ಹತ್ತಿರ ಹೋಗಿ ಲಾಳದ ತುಂಡನ್ನು ಎತ್ತಿ ಮತ್ತೆ ಅರಿಶಿನದ ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಅದನ್ನ ಮೊದ್ಲೇ ಹೇಳಬಾರ್ದಾ ಸ್ವಾಮಿ? ಅಷ್ಟೊಂದು ಕಬ್ಬಿಣ ಕಂಡ್ಮೇಲೆ ಯಾವ ದೆವ್ವ ತಾನೇ ಹಡಗು ಹತ್ತತದೆ? ಇದನ್ನ ನಮ್ಮ ಸೊಸೆ ತಲೆದಿಂಬಿನಡಿಯಿಂದ ಎತ್ಕೊಂಡು ಬಂದಿದ್ದೆ. ಪಾಪ, ಹಸಿ ಬಾಣಂತಿ, ಅವತ್ತಿನಿಂದ ಹೆದರ್ಕೊಂಡು ಕಣ್ಣೇ ಮುಚ್ಚಿಲ್ಲ. ಕೊಟ್ಟು ಬತ್ತೀನಿ ಇರಿ."