ಮೀಸೆಯ ಬಾಡಿಗೆ

ಪ್ರೊಕೊಪಿಸನ ಮೀಸೆ ನೋಡಿದವರಿಗೆ ಅದರ ಹಿಂದೆ ಒಬ್ಬ ಮನುಷ್ಯನೂ ಇದ್ದಾನೆಂದು ತಿಳಿಯಲು ಕೊಂಚ ಹೊತ್ತು ಹಿಡಿಯುತ್ತಿತ್ತು. ತನ್ನ ಅಜ್ಜ ಇಂಥದೇ ಮೀಸೆ ಹೊತ್ತು ಕಡಲ್ಗಳ್ಳರೊಡನೆ ಕಾದಾಡಿದನೆಂದು ಅವನ ವಾದ. (ಅಜ್ಜ ಕಾದಾಡಿದ್ದು ಸುಂಕದವರೊಡನೆ, ಅದೂ ಕದ್ದು ತಂದ ತಂಬಾಕಿನ ವಿಷಯಕ್ಕೆ ಎಂಬುದು ಆ ಗ್ರೀಕ್ ದ್ವೀಪದ ವಾದ.)

ಇಂಥ ಮೀಸೆಯನ್ನು ಅವನು ಪಣಕ್ಕಿಟ್ಟದ್ದು ಚೌಕದ ಕಾಫಿ ಅಂಗಡಿಯಲ್ಲಿ, ಎಲ್ಲರೆದುರು. ಗೆಳೆಯ ಸಿದೆರಿಸ್ ತನ್ನ ಅಪ್ಪನ ಮನೆಗೆ 'ಸಾಂಪ್ರದಾಯಿಕ ವಿಲ್ಲಾ' ಎಂದು ಹಲಗೆ ತಗುಲಿಸಿ, ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟು, ತಾನು ಆಡಿನ ದೊಡ್ಡಿಗೆ ಮಂಚ ಸಾಗಿಸಿದ್ದ.

"ಥೂ ನಿನ್ನ! ಅಪ್ಪ ಪ್ರಾಣ ಬಿಟ್ಟ ಕೋಣೇಲಿ ಯಾರ್ಯಾರದೋ ಒದ್ದೆ ಚಡ್ಡಿ ಒಣಗಿಸ್ತೀಯಲ್ಲೋ!" ಎಂದು ಪ್ರೊಕೊಪಿಸ್ ಗುಡುಗಿದ. "ನನ್ನ ಮನೆ ಹೊಸ್ತಿಲನ್ನ ಬಾಡಿಗೆಯೋರು ತುಳಿದ ದಿನ, ಇದೇ ಚೌಕದಲ್ಲಿ ಕೂತು ಈ ಮೀಸೆ ಬೋಳಿಸ್ತೀನಿ!"

"ಕ್ಷೌರದವನಿಗೆ ಈಗಲೇ ಹೇಳಿಡ್ಲಾ?" ಎಂದಷ್ಟೇ ಕೇಳಿ ಸಿದೆರಿಸ್ ಕಾಫಿ ಹೀರಿದ.

ಭೀಷ್ಮಪ್ರತಿಜ್ಞೆ ಭೀಷ್ಮನಿಗೆ ಸಲೀಸು. ಅವನಿಗೆ ಹೆಂಡತಿ ಇರಲಿಲ್ಲ. ಪ್ರೊಕೊಪಿಸನಿಗೆ ಮರಿಗೊ ಇದ್ದಳು.

"ದೋಣಿ ಇಂಜಿನ್ನು ಎರಡು ವರ್ಷದಿಂದ ಕ್ಷಯರೋಗಿ ಹಾಗೆ ಕೆಮ್ತಿದೆ. ಹೊಸದನ್ನ ನಿಮ್ಮ ಮೀಸೆ ತಂದುಕೊಡತ್ತಾ?" ಎಂದಳು ಆಕೆ. "ಒಂದೇ ವಾರ ರೀ. ಊರಾಚೆ ಗುಡ್ಡದ ಮೇಲಿನ ಮನೆ, ಯಾರು ಬಂದು ನೋಡ್ತಾರೆ?"

ಹೀಗೆ ಜುಲೈ ಮೊದಲಲ್ಲಿ ಕಂಬದಂಥ ವೌಟರ್, ಕಡ್ಡಿಯಂಥ ಇನೆಕೆ ಎಂಬ ಡಚ್ ದಂಪತಿ ಮನೆಯೊಳಕ್ಕೆ ಬಂದರು. ಯಜಮಾನ ದಂಪತಿ ಹಿತ್ತಲ ಕೊಟ್ಟಿಗೆಗೆ, ಹೇಸರಗತ್ತೆಯ ಜೊತೆಗೆ ಹೋದರು. ಮೊದಲ ದಿನವೇ ಪ್ರೊಕೊಪಿಸನ ಹೊದಿಕೆಯ ಅರ್ಧವನ್ನು ಹೇಸರಗತ್ತೆ ತಿಂದಿತು. ಉಳಿದರ್ಧವನ್ನು ಮರಿಗೊ ಹೊದ್ದಳು.

ವಾರದ ನಡುವೆ ಹುರುಳಿಕಾಯಿ ಬಿಡಿಸುತ್ತಿದ್ದ ಮರಿಗೊ ತಟ್ಟನೆ ಎದೆ ಹಿಡಿದುಕೊಂಡಳು. "ಅಯ್ಯೋ ದೇವರೇ! ನಾಳೆ ಸಂತ ಪ್ರೊಕೊಪಿಯೋಸನ ದಿನ! ನಿಮ್ಮ ಹೆಸರಿನ ಹಬ್ಬ!"

ಆ ದ್ವೀಪದಲ್ಲಿ ಹುಟ್ಟುಹಬ್ಬವೆಂದರೆ ಮಕ್ಕಳಾಟ. ಹೆಸರಿನ ಹಬ್ಬವೇ ಹಬ್ಬ. ಯಾರೂ ಯಾರನ್ನೂ ಕರೆಯುವುದಿಲ್ಲ. ಸಂತನ ದಿನ ಬಂತೆಂದರೆ ಅವನ ಹೆಸರಿನವರ ಮನೆಗೆ ಊರೇ ಮಿಠಾಯಿ ಹಿಡಿದು ನುಗ್ಗುತ್ತದೆ.

"ಈ ವರ್ಷ ಹಬ್ಬ ಇಲ್ಲ ಅಂತ ಹೇಳಿಬಿಡೋಣ ಕಣೇ."

"ಮನೇಲಿ ಸಾವಾದ್ರೆ ಮಾತ್ರ ಹಬ್ಬ ಬಿಡೋದು. ಯಾರನ್ನ ಸಾಯಿಸ್ತೀರಿ?"

ಪ್ರೊಕೊಪಿಸ್ ಗಂಭೀರವಾಗಿ ಯೋಚಿಸಿದ. "ನಿನ್ನ ಚಿಕ್ಕಮ್ಮ ಹೇಗೆ?"

"ಬೆಳಿಗ್ಗೆ ತಾನೇ ಒಂದು ಬಂಗುಡೆಗಾಗಿ ಇಡೀ ಬಂದರಿಗೇ ಕೇಳೋ ಹಾಗೆ ಜಗಳ ಆಡಿದ್ದಾಳೆ. ಅವಳು ಸತ್ತಳು ಅಂದ್ರೆ ಯಾರು ನಂಬ್ತಾರೆ?"

ಮರುದಿನ ಸಂಜೆ ದಂಡು ಗುಡ್ಡ ಹತ್ತಿತು. ಮುಂದೆ ಗಡ್ಡ ಹಾರಿಸುತ್ತ ಪಾದ್ರಿ ಲೆಫ್ತೆರಿಸ್, ಅವನ ಹಿಂದೆಯೇ ಮಿಠಾಯಿ ಪೆಟ್ಟಿಗೆ ಹೊತ್ತ ಸಿದೆರಿಸ್. ಪ್ರೊಕೊಪಿಸ್ ಭಾನುವಾರದ ಕೋಟು ಸಿಕ್ಕಿಸಿಕೊಂಡು, ಸ್ವಂತ ಅಡುಗೆಮನೆಯ ಕಿಟಕಿಯಿಂದ ಕಳ್ಳನಂತೆ ಒಳಗೆ ಧುಮುಕಿ, ಮುಂಬಾಗಿಲಲ್ಲಿ ಮಹಾರಾಜನಂತೆ ಕಾಣಿಸಿಕೊಂಡ.

ಊರು ಒಳಗೆ ಬಂತು. ಪಡಸಾಲೆಯಲ್ಲಿ ವೌಟರ್ ಬರಿಮೈಯಲ್ಲಿ ಕಲ್ಲಂಗಡಿ ಕೊಯ್ಯುತ್ತಿದ್ದ. ಪ್ರೊಕೊಪಿಸನ ಅಪ್ಪನ ಪಟದ ಮೂಲೆಯಿಂದ ಒಂದು ಒದ್ದೆ ಚಡ್ಡಿ ನೇತಾಡುತ್ತಿತ್ತು.

"ಬಾಡಿಗೆಯೋರಾ?" ಎಂದು ಸಿದೆರಿಸ್ ಜೇನಿನಂಥ ದನಿಯಲ್ಲಿ ಕೇಳಿದ.

ಪ್ರೊಕೊಪಿಸನ ಕೈ ತಾನಾಗಿ ಮೀಸೆಗೆ ಹೋಯಿತು. "ಬಾಡಿಗೆ? ಛೀ! ನನ್ನ ಅತಿಥಿಗಳು ಕಣಯ್ಯಾ! ಅತಿಥಿ ಹತ್ರ ಬಿಡಿಗಾಸು ಮುಟ್ಟಿದ್ರೆ ಈ ಕೈ ಸೇದಿಹೋಗ್ಲಿ!"

"ಭೇಷ್. ಎಷ್ಟು ದಿನ ಇರ್ತಾರೆ?"

"ಅವರಿಗೆ ಇಷ್ಟ ಬಂದಷ್ಟು! ಸೆಪ್ಟೆಂಬರಿನ ದ್ರಾಕ್ಷಿ ಕೊಯ್ಲಿನ ತನಕ ಇರ್ಲಿ, ನನಗೇನು?"

ಇನೆಕೆ ಎದ್ದು ನಿಂತಳು. ಅವಳ ಕಣ್ಣು ತುಂಬಿತ್ತು. ಆಕೆ ಎರಡು ಚಳಿಗಾಲ ತನ್ನೂರಿನ ಒಬ್ಬ ಮುದಿ ಮೇಷ್ಟರ ಬಳಿ ಗ್ರೀಕ್ ಕಲಿತಿದ್ದಳೆಂಬುದು ಯಜಮಾನನಿಗೆ ತಿಳಿದದ್ದು ಆಗಲೇ.

"ಮಹಾಶಯರೇ! ತಮ್ಮ ಔದಾರ್ಯವನ್ನು ಏನೆಂದು ಬಣ್ಣಿಸಲಿ! ದ್ರಾಕ್ಷಿಯ ಕಟಾವಿನ ಪರ್ಯಂತ ನಾವು ಇಲ್ಲಿಯೇ ತಂಗುವೆವು. ಆದರೆ ನಾವು ಮುಂಗಡವಾಗಿ ನೀಡಿದ..."

ಮರಿಗೊ ಮಿಂಚಿನಂತೆ ಹಾರಿ ಅವಳ ಬಾಯಿಗೆ ಒಂದು ಬಾದಾಮಿ ಮಿಠಾಯಿ ತುರುಕಿದಳು. ಪಾದ್ರಿ ಪ್ರೊಕೊಪಿಸನ ತಲೆ ಮುಟ್ಟಿ ಹರಸಿದ. "ಸಂತನ ದಿನ ಕೊಟ್ಟ ಮಾತು ಮಗನೇ, ಸಂತನೇ ಸಾಕ್ಷಿ!" ಜನ ಚಪ್ಪಾಳೆ ತಟ್ಟಿದರು. ಮೀಸೆ ಉಳಿಯಿತು.

ವಾರ ಮುಗಿದ ದಿನ ವೌಟರ್ ಪೆಟ್ಟಿಗೆ ಕಟ್ಟಲಿಲ್ಲ. ಬದಲು ಸಂತೆಗೆ ಹೋಗಿ ಒಂದು ಕುರ್ಚಿ, ಎರಡು ತುಳಸಿ ಕುಂಡ ತಂದ. ಕೊಟ್ಟಿಗೆಯಲ್ಲಿ ಮರಿಗೊ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಮೀಸೆನೋ ಮಂಚಾನೋ, ಇವತ್ತೇ ತೀರ್ಮಾನ ಆಗ್ಬೇಕು. ಈ ಕತ್ತೆ ಜೊತೆ ನಾನಿನ್ನು ಮಲಗೋಳಲ್ಲ!"

(ಯಾವ ಕತ್ತೆ ಎಂದು ಕೇಳುವ ಧೈರ್ಯ ಪ್ರೊಕೊಪಿಸನಿಗಾಗಲಿಲ್ಲ.)

ಚೌಕದಲ್ಲಿ ಕ್ಷೌರದವನು ಕುರ್ಚಿಯನ್ನು ಆಗಲೇ ಒರೆಸಿಟ್ಟಿದ್ದ. ಮೂರು ತಲೆಮಾರಿನ ವೈಭವ ನೊರೆಯೊಂದಿಗೆ ನೆಲಕ್ಕಿಳಿಯಿತು. ಪ್ರೊಕೊಪಿಸ್ ಬೋಳು ತುಟಿಯಲ್ಲಿ ನಿಜ ಒಪ್ಪಿಕೊಂಡ.

"ಗೊತ್ತಿತ್ತು ಬಿಡಯ್ಯಾ," ಎಂದ ಸಿದೆರಿಸ್. "ಬಾಡಿಗೆ ಜಾಹೀರಾತಿಗೆ ನಿನ್ನ ಮನೆ ಫೋಟೊ ತೆಗೆದುಕೊಟ್ಟೋನೇ ನಾನು. ಮರಿಗೊ ಈಸ್ಟರ್‌ಗೂ ಮುಂಚೇನೇ ಬಂದು ಕೇಳಿದ್ಲು."

"ಮತ್ತೆ ಹಬ್ಬದ ದಿನ ಯಾಕೋ ಹಾಗೆ ಕೆಣಕಿದೆ?"

"ಏನು ಹೇಳ್ತೀಯೋ ಕೇಳೋ ಆಸೆ. ದ್ರಾಕ್ಷಿ ಕೊಯ್ಲಿನ ತನಕ ಹೋಗ್ತೀಯ ಅಂತ ನಾನೂ ಎಣಿಸಿರ್ಲಿಲ್ಲ!"

ಮೀಸೆಯಂತೂ ಹೋಯಿತು, ಇನ್ನು ಮನೆಯಾದರೂ ನನ್ನದು ಎಂದುಕೊಂಡು ಪ್ರೊಕೊಪಿಸ್ ಗುಡ್ಡ ಹತ್ತಿ ಸ್ವಂತ ಬಾಗಿಲು ತಟ್ಟಿದ. ಇನೆಕೆ ತೆರೆದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಕ್ಷಮಿಸಿ, ತಾವು ಯಾರೆಂದು ತಿಳಿಯಲಿಲ್ಲ."

"ನಾನೇ ಕಣಮ್ಮಾ, ಮನೆ ಯಜಮಾನ! ಈ ಬಾಡಿಗೆ ವಿಚಾರ ಒಂಚೂರು..."

"ಅಸತ್ಯವನ್ನು ನುಡಿಯಬಾರದು," ಎಂದಳು ಇನೆಕೆ ನೊಂದ ದನಿಯಲ್ಲಿ. "ಈ ಗೃಹದ ಯಜಮಾನರಿಗೆ ಭವ್ಯವಾದ ಮೀಸೆ ಇದೆ. ಅವರು ಅತಿಥಿಗಳಿಂದ ಬಾಡಿಗೆ ಕೇಳುವಂಥ ಕ್ಷುದ್ರರೂ ಅಲ್ಲ."

ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಹಿತ್ತಲಿನಿಂದ ಹೇಸರಗತ್ತೆ ಪ್ರೀತಿಯಿಂದ ಅರಚಿತು. ಅವನ ಗುರುತು ಹಿಡಿದದ್ದು ಅದೊಂದೇ.