ಒಂದು ಬುಟ್ಟಿ ಹೂಳು, ಒಂದು ಕೊಡ ನೀರು

ನಮ್ಮ ಸೋದರತ್ತೆ ಇದ್ದ ಮನೆಗೆ ಬಂದ ನೆಂಟರು ಎರಡನೆಯ ದಿನಕ್ಕೇ ಊರು ಬಿಡುತ್ತಿದ್ದರು ಎಂದರೆ ನೀವು ಆಕೆಯನ್ನು ಜಿಪುಣಿ ಎಂದುಕೊಳ್ಳುತ್ತೀರಿ. ಅಲ್ಲ. ಕೇಳದೆಯೇ ರೊಟ್ಟಿಯ ಮೇಲೆ ಬೆಣ್ಣೆ ಮೆತ್ತುತ್ತಿದ್ದಳು. ಹಾಲು ಕೇಳಿದರೆ ಗಟ್ಟಿ ಕೆನೆಯ ಸಮೇತ ಕೊಡುತ್ತಿದ್ದಳು. ನೀರು ಕೇಳಿದರೆ ಮಾತ್ರ, “ಯಾಕ?” ಎನ್ನುತ್ತಿದ್ದಳು.

ಆಕೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ಬಂದ ವಾರದಲ್ಲೇ ಮನೆಯ ನೀರಿನ ಕಾರಭಾರ ತನ್ನ ಕೈಗೆ ತೆಗೆದುಕೊಂಡಳು. ಅವಳನ್ನು ದೂರುವಂತೆಯೂ ಇರಲಿಲ್ಲ. ಅಣ್ಣಿಗೇರಿಗೆ ಹತ್ತಿರದ ನಮ್ಮ ಊರಲ್ಲಿ ಬಾವಿ ತೋಡಿದರೆ ನೀರೇನೋ ಬರುತ್ತಿತ್ತು, ಆದರೆ ಬರೀ ಸವಳು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಕಟ್ಟುತ್ತಿರಲಿಲ್ಲ. ಸಿಹಿನೀರಿಗೆ ಊರಿಗೆಲ್ಲ ಒಂದೇ ಕೆರೆ. ಮಳೆಗಾಲದಲ್ಲಿ ತುಂಬಿದ್ದನ್ನು ಮುಂದಿನ ಮಳೆಗಾಲದ ತನಕ ಕುಡಿಯಬೇಕು.

ಹೀಗಾಗಿ ನಮ್ಮ ಮನೆಯಲ್ಲಿ ಯಾವ ನೀರಿಗೂ ಒಂದೇ ಕೆಲಸ ಇರುತ್ತಿರಲಿಲ್ಲ. ಅಕ್ಕಿ ತೊಳೆದದ್ದು ಎಮ್ಮೆಗೆ, ಕೈ ತೊಳೆದದ್ದು ಅಂಗಳಕ್ಕೆ, ಸ್ನಾನದ್ದು ಹಿತ್ತಲಿನ ನಿಂಬೆಗಿಡಕ್ಕೆ. ನನ್ನಕ್ಕನ ಗಂಡ ಮೊದಲ ದೀಪಾವಳಿಗೆ ಬಂದಾಗ ಅತ್ತೆ ಹಿತ್ತಲಿನ ಕಲ್ಲಿನ ಮೇಲೆ ಬಿಸಿನೀರು ಇಟ್ಟು, ತಟ್ಟಿಯ ಆಚೆ ನಿಂತಳು. ಸ್ವಲ್ಪ ಹೊತ್ತಿಗೆ ಕೂಗಿದಳು:

“ಅಳಿಯಂದ್ರ, ಚೂರು ಎಡಕ್ಕ ಸರದು ಕೂಡ್ರಿ. ನೀರು ಗಿಡಕ್ಕ ಹೋಗವಲ್ದು.”

ಹೊಸ ಅಳಿಯ ನಾಚಿಕೊಂಡು ಸರಿದ.

“ಬೆನ್ನು ತಿಕ್ಕೊಳ್ಳೋ ಮುಂದ ಆ ಕಡೆ ತಿರಗ್ರಿ.”

ಮುಂದಿನ ಹಬ್ಬಕ್ಕೆ ಆತ ಅಣ್ಣಿಗೇರಿಯ ಗೆಳೆಯನ ಮನೆಯಲ್ಲಿ ಸ್ನಾನ ಮುಗಿಸಿಕೊಂಡೇ ಬಂದ. ಅತ್ತೆಗೆ ಅದರಿಂದಲೂ ಸಿಟ್ಟು. “ಗಿಡ ಇಲ್ಲಿ ಒಣಗಾಕತ್ತೈತಿ, ಇವ್ರು ಅಲ್ಲಿ ಜಳಕ ಮಾಡಿ ಬಂದಾರ” ಎಂದು ಎರಡು ದಿನ ಗೊಣಗಿದಳು.

ಇದು ಮನೆಯೊಳಗಿನ ಮಾತಾಯಿತು. ಮನೆಯ ಹೊರಗೂ ಆಕೆ ಕಾಲಿಟ್ಟದ್ದು ನಾರುಹುಣ್ಣಿನ ದೆಸೆಯಿಂದ. ಎಂಬತ್ತರ ದಶಕದ ಆ ದಿನಗಳಲ್ಲಿ ನಮ್ಮ ಕಡೆ ಆ ಕಾಟ ಇನ್ನೂ ಇತ್ತು. ಕಾಲಲ್ಲಿ ಬೊಕ್ಕೆ ಎದ್ದು, ಅದರೊಳಗಿಂದ ದಾರದಂಥ ಹುಳು ಹೊರಬರುತ್ತಿತ್ತು. ಹುಣ್ಣಿನ ಕಾಲನ್ನು ಕೆರೆಯಲ್ಲಿಟ್ಟರೆ ಹುಳುವಿನ ಮರಿಗಳು ನೀರಿಗಿಳಿಯುತ್ತವೆ, ಸೋಸದೆ ಕುಡಿದವರ ಹೊಟ್ಟೆ ಸೇರುತ್ತವೆ ಎಂದು ಆರೋಗ್ಯ ಇಲಾಖೆಯವರು ಬಂದು ಚಿತ್ರ ತೋರಿಸಿ ವಿವರಿಸಿದರು. ಊರವರೆಲ್ಲ ಚಿತ್ರ ನೋಡಿ ಮನೆಗೆ ಹೋದರು. ಅತ್ತೆ ಕೆರೆಗೆ ಹೋದಳು.

ಮರುದಿನದಿಂದ ಕೈಯಲ್ಲಿ ಬಡಿಗೆ ಹಿಡಿದು ಕೆರೆಯ ಮೆಟ್ಟಿಲ ಮೇಲೆ ಕೂತಳು. ಯಾರೂ ನೀರಿಗೆ ಕಾಲಿಡುವಂತಿಲ್ಲ; ಕಲ್ಲಿನ ಮೇಲೆ ನಿಂತು, ಬಗ್ಗಿ, ತುಂಬಿಕೊಳ್ಳಬೇಕು. ಕೊಡದ ಬಾಯಿಗೆ ಎರಡು ಪದರ ಬಟ್ಟೆ ಕಟ್ಟಿರಬೇಕು. ಬಟ್ಟೆ ಇಲ್ಲ ಎಂದವರಿಗೆ ತನ್ನ ಹಳೆಯ ಇಳಕಲ್ಲ ಸೀರೆಗಳನ್ನು ಹರಿದು ಕೊಟ್ಟಳು. ಯಾರ ಮನೆಗೆ ಹೋದರೂ ಕೊಡದ ಬಾಯಲ್ಲಿ ನಮ್ಮ ಅತ್ತೆಯ ಸೀರೆಯ ದಡಿ ಕಾಣುತ್ತಿತ್ತು. ಒಮ್ಮೆ ಅಪ್ಪ ಬಾಜು ಮನೆಗೆ ಹೋದವರು ಅಲ್ಲಿನ ಕೊಡವನ್ನೇ ದಿಟ್ಟಿಸಿ ನೋಡಿ, ಮನೆಗೆ ಬಂದು ಕೇಳಿದರು:

“ಅಕ್ಕಾ, ಅವರ ಕೊಡಕ್ಕ ಕಟ್ಟಿದ್ದು ನನ್ನ ಧೋತರ ಅಲ್ಲೇನ?”

“ಹೌದು. ಸಣ್ಣ ನೂಲಿಂದೈತಿ, ಹುಳ ದಾಟಂಗಿಲ್ಲ.”

“ಮತ್ತ ನಾ ಏನು ಉಡ್ಲಿ?”

“ಹುಳ ದಾಟುವಂಥದ್ದು ಉಡು.”

ಅಪ್ಪ ಆಮೇಲೆ ಧೋತರಗಳನ್ನು ಟ್ರಂಕಿಗೆ ಹಾಕಿ ಕೀಲಿ ಜಡಿದರು.

ಬೇಸಿಗೆ ಬಂದಾಗ ಕೆರೆ ಕುಗ್ಗಿ ನಡುವೆ ಒಂದು ಮಡುವಾಯಿತು. ಸುತ್ತಲೂ ಹೂಳು. ಎಷ್ಟು ಮಳೆ ಬಂದರೇನು, ಹೂಳೇ ತುಂಬಿದ ಕೆರೆಯಲ್ಲಿ ನೀರು ನಿಲ್ಲುವುದೆಲ್ಲಿ? ಅತ್ತೆ ಮೆಟ್ಟಿಲ ಬಳಿ ಬುಟ್ಟಿ, ಸಲಿಕೆ ತಂದಿಟ್ಟು ಹೊಸ ಕಾಯ್ದೆ ಹೇಳಿದಳು: ಒಂದು ಬುಟ್ಟಿ ಹೂಳು ಏರಿಯ ಮೇಲೆ ಹಾಕಿ ಬಂದವರಿಗೆ ಒಂದು ಕೊಡ ನೀರು.

“ಇದೇನು ನಿಮ್ಮಪ್ಪನ ಕೆರಿ ಏನ್ರಿ?” ಎಂದು ಒಬ್ಬ ಸಿಡುಕಿದ.

“ಅಲ್ಲಪ್ಪಾ. ನಮ್ಮಪ್ಪಂದಾಗಿದ್ರ ಎಲ್ಲಾ ಹೂಳೂ ನಾನ ಹೊರತಿದ್ದೆ” ಎಂದು ಅತ್ತೆ ಮೊದಲ ಬುಟ್ಟಿಯನ್ನು ತಾನೇ ತಲೆಗೇರಿಸಿಕೊಂಡಳು. ಅವನು ಎರಡನೆಯದನ್ನು ಹೊತ್ತ.

ಆದರೂ ಊರಿನ ಮಂದಿ ಹೊತ್ತು ಮುಗಿಯುವಂಥ ಹೂಳೇ ಅದು? ಅಷ್ಟರಲ್ಲಿ ಪಂಚಾಯಿತಿ ಚುನಾವಣೆ ಬಂತು. ಬಿಳಿ ಬಟ್ಟೆಯ ಉಮೇದುವಾರರೊಬ್ಬರು ಹೆಂಗಸರೆಲ್ಲ ಒಂದೇ ಕಡೆ ಸಿಗುತ್ತಾರೆಂದು ಕೆರೆಗೇ ಬಂದು ಕೈಮುಗಿದರು.

“ವೋಟು ನಿಮಗ ಹಾಕ್ತೀನ್ರಿ” ಎಂದಳು ಅತ್ತೆ. “ಒಂದು ಬುಟ್ಟಿ ಹೂಳು ಹೊರ್ರಿ.”

ಅವರು ನಕ್ಕರು. ಕೊಡ ಹಿಡಿದು ನಿಂತಿದ್ದ ಹೆಂಗಸರಲ್ಲಿ ಯಾರೂ ನಗಲಿಲ್ಲ. ಉಮೇದುವಾರರು ಬುಟ್ಟಿ ಹೊತ್ತರು. ಸುದ್ದಿ ಸಂಜೆಗೆ ಎದುರಾಳಿಗೆ ಮುಟ್ಟಿತು. ಬೆಳಿಗ್ಗೆ ಆತ ಬಂದು, ಅತ್ತೆಯಿಂದ ಅದೇ ವೋಟಿನ ಮಾತು ಪಡೆದು, ಎರಡು ಬುಟ್ಟಿ ಹೊತ್ತ. ಮೊದಲಿನವರು ತಮ್ಮ ಬೆಂಬಲಿಗರನ್ನೆಲ್ಲ ಕರೆತಂದರು. ಎದುರಾಳಿ ಹಲಗೆ ಬಾರಿಸಿಕೊಂಡು ಎತ್ತಿನ ಗಾಡಿಗಳ ಸಮೇತ ಬಂದ. ಜಯಕಾರ ಕೂಗುತ್ತ ಒಂದು ಪಾರ್ಟಿ ಈ ದಂಡೆ ಅಗೆದರೆ, ಇನ್ನೊಂದು ಆ ದಂಡೆ ಅಗೆಯಿತು. ರೈತರು ಹೂಳನ್ನು ಗೊಬ್ಬರವೆಂದು ಹೊಲಕ್ಕೆ ಸಾಗಿಸಿದರು. ಪ್ರಚಾರ ಮುಗಿಯುವಷ್ಟರಲ್ಲಿ ಕೆರೆಯಲ್ಲಿ ಆಳು ಮುಳುಗುವಷ್ಟು ಆಳವಾಗಿತ್ತು.

“ಇಬ್ರಿಗೂ ವೋಟು ಹಾಕ್ತೀನಿ ಅಂತ ಮಾತು ಕೊಟ್ಟಿಯಲ್ಲ, ಇದು ಸರಿಯೇನ?” ಎಂದು ಅಪ್ಪ ಕೇಳಿದರು.

“ತಪ್ಪು ಖರೇ” ಎಂದಳು ಅತ್ತೆ. “ಇನ್ನೂ ಇಬ್ರು ನಿಂತಿದ್ರ ಏರಿನೂ ಭದ್ರ ಆಗತಿತ್ತು.”

ಆ ವರ್ಷ ತುಂಬಿದ ಕೆರೆ ಮುಂದಿನ ಬೇಸಿಗೆಗೆ ಬತ್ತಲಿಲ್ಲ. ಹಾಗೆಂದು ಅತ್ತೆಯ ಕೈ ಸಡಿಲಾಯಿತೇ? ಇಲ್ಲವೇ ಇಲ್ಲ.

ಅದೇ ಬೇಸಿಗೆಯಲ್ಲಿ ನನ್ನ ಮದುವೆಯಾಯಿತು. ಹುಡುಗಿ ಕಲಘಟಗಿ ಕಡೆಯವಳು, ಮನೆಯ ಹಿಂದೆಯೇ ಹಳ್ಳ ಹರಿಯುವ ಊರು. ನನ್ನ ತಾಯಿ ಹೊಸ ಸೊಸೆಯನ್ನು ಅಡಿಗೆಮನೆಗೆ ಕರೆದೊಯ್ದು ಅತ್ತೆಯ ಕಾಯ್ದೆಗಳನ್ನೆಲ್ಲ ಪಿಸುದನಿಯಲ್ಲಿ ಹೇಳಿದರು. ಆಕೆ ಎಷ್ಟು ಹೆದರಿದಳೆಂದರೆ ಕೆರೆಯ ನೀರನ್ನು ಕುಡಿಯುವುದಕ್ಕಷ್ಟೇ ಮುಟ್ಟಿದಳು. ಸ್ನಾನ, ತಲೆ, ಎಲ್ಲವೂ ಬಾವಿಯ ಸವಳು ನೀರಿನಲ್ಲೇ. ತೊಡೆಯ ತನಕ ಇದ್ದ ಕೂದಲು ತಿಂಗಳೊಳಗೆ ತೆಂಗಿನ ನಾರಿನ ಕತ್ತದ ಹಾಗೆ ಬಿರುಸಾಯಿತು. ಯಾರಿಗೂ ಹೇಳಲಿಲ್ಲ. ಒಂದು ಮುಂಜಾನೆ ಹಿತ್ತಲಲ್ಲಿ ಕೂತು ಸಿಕ್ಕು ಬಿಡಿಸುತ್ತ ಬಿಡಿಸುತ್ತ, ಬಾಚಣಿಗೆ ಕೆಳಗಿಟ್ಟು ಸದ್ದಿಲ್ಲದೆ ಅಳತೊಡಗಿದಳು.

ಅತ್ತೆ ಸೆಗಣಿ ಬುಟ್ಟಿ ಹಿಡಿದು ಬಂದವಳು ನಿಂತಳು. ಕೈ ಒರೆಸಿಕೊಂಡು ಕೂದಲನ್ನು ಮುಟ್ಟಿ ನೋಡಿದಳು.

“ಸವಳ ನೀರಾಗ ತಲಿ ಎರಕೊಂಡಿಯೇನು ಮಗಳ? ಯಾರು ಹೇಳಿದ್ರು ನಿನಗ?”

ಹುಡುಗಿ ಹಿತ್ತಲ ಬಾಗಿಲೊಳಗೆ ನಿಂತಿದ್ದ ನನ್ನ ತಾಯಿಯ ಮುಖ ನೋಡಿದಳು. ತಾಯಿ ಮಾಳಿಗೆಯ ತೊಲೆ ನೋಡಿದರು. ಅತ್ತೆ ಒಳಗೆ ಹೋಗಿ, ಕುಡಿಯಲು ಸೋಸಿಟ್ಟ ಕೊಡಗಳನ್ನೆಲ್ಲ ಒಂದೊಂದಾಗಿ ಹಂಡೆಗೆ ಸುರಿದು ಒಲೆ ಹಚ್ಚಿದಳು. ಸೀಗೆಪುಡಿ ಕಲಸಿದಳು. ಆ ಹುಡುಗಿಯನ್ನು ಬಚ್ಚಲಲ್ಲಿ ಕೂಡಿಸಿ, ತಲೆ ತಿಕ್ಕಿ ತಿಕ್ಕಿ, ತಂಬಿಗೆಯ ಮೇಲೆ ತಂಬಿಗೆ ಎರೆದಳು.

ನಮ್ಮ ಬಚ್ಚಲ ಮೋರಿಯಿಂದ ಬೀದಿಗೆ ನೀರು ಹರಿದದ್ದನ್ನು ಊರು ಅದುವರೆಗೆ ಕಂಡಿರಲಿಲ್ಲ. ಎದುರು ಮನೆಯಾಕೆ ಗಾಬರಿಯಾಗಿ ಓಡಿ ಬಂದಳು.

“ಅಕ್ಕಾರ, ಹಂಡೆ ಒಡೀತೇನ್ರಿ?”

“ಇಲ್ಲವಾ, ಸೊಸಿಗೆ ಎರ್ಯಾಕತ್ತೀನಿ” ಎಂದಳು ಅತ್ತೆ, ಒಳಗಿನಿಂದಲೇ. “ನಿಮ್ಮ ಮನ್ಯಾಗ ಒಂದು ಕೊಡ ಸಿಹಿನೀರಿದ್ರ ತಾ. ಇನ್ನೂ ಸೀಗಿ ಹೋಗಿಲ್ಲ.”