ಎಡಕ್ಕೆ ತಿರುಗಿ ಎಂದ ವಾಣಿಯವರಿಗೆ ಬಲಕ್ಕೆ ಹೋದವನ ದೂರು

ಅಂಗೈಯಗಲದ ಪೆಟ್ಟಿಗೆಯಲ್ಲಿ ವಾಸವಾಗಿದ್ದೂ ಈ ಮಹಾನಗರದ ಸಮಸ್ತ ರಾಜಬೀದಿಗಳನ್ನೂ ಓಣಿಗಳನ್ನೂ ಸಂದುಗೊಂದುಗಳನ್ನೂ ಬಲ್ಲವರೂ, ಎಷ್ಟು ನುಡಿದರೂ ಬಾಯಾರದವರೂ, ಯಾರ ಮೇಲೂ ಸಿಡುಕದವರೂ ಆದ, ನನ್ನ ಮಗಳ ಹಳೆಯ ಮೊಬೈಲಿನೊಳಗಿನ ದಾರಿ ಹೇಳುವ ವಾಣಿಯವರ ಸನ್ನಿಧಿಗೆ.

ಮಾನ್ಯರೇ,

ಭಗವಂತನ ಕೃಪೆಯಿಂದ ನಾವಿಲ್ಲಿ ಮುಕ್ಕಾಲು ಪಾಲು ಕ್ಷೇಮ. ತಮ್ಮ ಬ್ಯಾಟರಿಯು ಸದಾ ತುಂಬಿರಲಿ, ತಮ್ಮ ಸಿಗ್ನಲ್ಲು ಎಂದಿಗೂ ಕುಂದದಿರಲಿ ಎಂದು ಪ್ರಾತಃಕಾಲದ ಪ್ರಾರ್ಥನೆಯಲ್ಲಿ ಸೇರಿಸಿಕೊಂಡೇ ಈ ದೂರನ್ನು ಬರೆಯಲು ಕುಳಿತಿದ್ದೇನೆ. ನಾನು ವೃತ್ತಿಯಿಂದ ಪ್ರವಚನಕಾರ. ಜೀವಮಾನವಿಡೀ ಸಭೆಗಳಲ್ಲಿ ಕುಳಿತು ಜನರಿಗೆ ದಾರಿ ತೋರಿಸಿದವನು. ಮೋಕ್ಷದ ಮಾರ್ಗವನ್ನು ನಿದ್ದೆಗಣ್ಣಿನಲ್ಲೂ ತಪ್ಪದೆ ಹೇಳಬಲ್ಲ ನನಗೆ, ಬಸ್ ನಿಲ್ದಾಣದಿಂದ ಮಗಳ ಮನೆಗೆ ಬರುವ ಮಾರ್ಗವು ಇಂದಿಗೂ ಸಿದ್ಧಿಸಿಲ್ಲ ಎಂಬುದನ್ನು ಆರಂಭದಲ್ಲೇ ಒಪ್ಪಿಕೊಳ್ಳುವುದು ಒಳ್ಳೆಯದು, ಏಕೆಂದರೆ ಮುಂದೆ ಒಪ್ಪಿಕೊಳ್ಳಬೇಕಾದುದು ಇನ್ನೂ ಬಹಳವಿದೆ.

ನಡೆದ ಸಂಗತಿ ಇಷ್ಟು. ನನ್ನ ಮನೆಯಾಕೆಗೆ ಬಂದ ಜ್ವರವು ಹೋಗುವಾಗ ಆಕೆಯ ನಾಲಗೆಯ ರುಚಿಯನ್ನೂ ಕಟ್ಟಿಕೊಂಡು ಹೋಯಿತು. ತಟ್ಟೆ ಮುಂದೆ ಇಟ್ಟರೆ ಗೋಡೆ ನೋಡುತ್ತಾಳೆ. ಸೀರೆಯು ಗೂಟಕ್ಕೆ ನೇತುಹಾಕಿದಂತೆ ಹೆಗಲಿನಿಂದ ಇಳಿಬಿದ್ದಿದೆ. ಡಾಕ್ಟರು ತೂಕ ನೋಡಿ, ಈ ವಾರದೊಳಗೆ ಊಟ ಸೇರದಿದ್ದರೆ ಆಸ್ಪತ್ರೆಗೆ ಸೇರಿಸಿ ಮೂಗಿನಿಂದ ಕೊಳವೆ ಇಳಿಸಬೇಕಾದೀತು ಎಂದರು. ಮನೆಯಾಕೆಯು ಆ ಕೊಳವೆಯ ಮಾತನ್ನು ಕೇಳಿದಂದಿನಿಂದ ರಾತ್ರಿ ನನ್ನ ಕೈ ಹಿಡಿದುಕೊಂಡೇ ಮಲಗುತ್ತಿದ್ದಾಳೆ. ಆಗ ಮಗಳು ತಮ್ಮನ್ನು ನನ್ನ ಅಂಗೈಗೆ ಹಾಕಿ, "ಅಪ್ಪಾ, ಮನೆ ಊಟ ಕಂಡ್ರೆ ಅಮ್ಮ ಮುಖ ತಿರುಗಿಸ್ತಾಳೆ. ಆಚೆ ಕರ್ಕೊಂಡು ಹೋಗಿ, ಯಾರೂ ನೋಡದ ಒಂದೆರಡು ಜಾಗ ತೋರಿಸಿ, ಈ ಊರಿನವ್ರೇ ಹೋಗಿ ತಿನ್ನೋ ಕಡೆ ಏನಾದ್ರೂ ತಿನ್ನಿಸಿ. ಇದು ಹೇಳಿದ ಹಾಗೆ ಹೋದ್ರೆ ಸಾಕು" ಎಂದಳು. ಹೊರಗಿನ ನೀರನ್ನೂ ಮುಟ್ಟದ ನಿಯಮದವನಾದ ನಾನು, ಆ ನಿಯಮವನ್ನು ದೇವರ ಮುಂದೆ ಕೈಮುಗಿದು ಬಿಟ್ಟು, ಮನೆಯಾಕೆಯೊಡನೆ ಆಟೋ ಹತ್ತಿದೆ.

ತಾವು ಮೊದಲು ಕರೆದೊಯ್ದದ್ದು ಬಸ್ ಡಿಪೋದ ಹಿಂದೆ ಅಡಗಿದ್ದ ಒಂದು ಕೊಳಕ್ಕೆ. ನಾಲ್ಕು ಕಡೆ ಕಲ್ಲಿನ ಮೆಟ್ಟಿಲು, ಹಸಿರು ನೀರು, ನೆರಳಲ್ಲಿ ಮಲಗಿದ ಒಬ್ಬ ಕಂಡಕ್ಟರು. ಅಂಥ ಸ್ಥಳದಲ್ಲಿ ಸುಮ್ಮನಿರುವುದು ನನ್ನಿಂದಾದೀತೇ? ಆ ಶಿಲೆಗಳ ಪ್ರಾಚೀನತೆಯನ್ನೂ, ಕಟ್ಟಿಸಿದ ಪುಣ್ಯಾತ್ಮರ ದೂರದೃಷ್ಟಿಯನ್ನೂ, ಇಂದಿನವರು ಇಂಥದನ್ನು ಕನಸಿನಲ್ಲೂ ಕಟ್ಟಲಾರರೆಂಬುದನ್ನೂ ಕಂಡಕ್ಟರಿಗೆ ಎಚ್ಚರವಾಗುವವರೆಗೆ ವಿವರಿಸಿದೆ. ಮನೆಯಾಕೆಯು ಗೋಡೆಯ ಫಲಕದ ಮುಂದೆ ಕಣ್ಣು ಕಿರಿದು ಮಾಡಿ ನಿಂತು, "ರೀ, ಇದು ಹೋದ ವರ್ಷ ಕಟ್ಟಿದ್ದಂತೆ" ಎಂದಳು. ಈ ವಿಷಯವನ್ನು ತಾವು ಬರುವ ದಾರಿಯಲ್ಲೇ ನನ್ನ ಕಿವಿಗೆ ಹಾಕಬಹುದಿತ್ತು. ಹಾಕಲಿಲ್ಲ. ತಮ್ಮ ಸಂಯಮಕ್ಕೆ ನಮಸ್ಕಾರ.

ಮುಂದಿನದು ವಾಹನಗಳನ್ನು ನಿಲ್ಲಿಸುವ ಎತ್ತರದ ಕಟ್ಟಡವೊಂದರ ಮಾಳಿಗೆ. ಅಲ್ಲಿಂದ ನಗರವೆಲ್ಲ ಕಾಣುತ್ತದೆಂದು ಎಷ್ಟೋ ವರ್ಷ ಇಲ್ಲಿ ಬಾಳಿದವರಿಗೂ ಗೊತ್ತಿಲ್ಲವಂತೆ. ಔನ್ನತ್ಯದಿಂದ ಮನಸ್ಸಿಗೆ ಆಗುವ ಪರಿಷ್ಕಾರವನ್ನು ಕುರಿತು ನಾನು ಆಗಷ್ಟೇ ಪೀಠಿಕೆ ಹಾಕುತ್ತಿದ್ದೆ. ಮನೆಯಾಕೆಯು ಕಟಕಟೆಗೆ ಒರಗಿ, "ಅಲ್ನೋಡಿ, ಆ ಮಹಡಿ ಮೇಲೆ ಯಾರೋ ತಲೆ ಒಣಗಿಸ್ಕೋತಾ ಹಾಡು ಹೇಳ್ಕೋತಿದಾಳೆ" ಎಂದಳು. ನಾನು ನೋಡುವಷ್ಟರಲ್ಲಿ ಆ ಹೆಂಗಸು ಒಳಗೆ ಹೋಗಿಬಿಟ್ಟಿದ್ದಳು. ಹಾಡು ನನಗೆ ಕೇಳಿಸಿರಲೇ ಇಲ್ಲ.

ಇನ್ನು ದೂರಿನ ಮೂಲಕ್ಕೆ ಬರುತ್ತೇನೆ. ಅಲ್ಲಿಂದ ಊಟದ ಅಂಗಡಿಗೆ ಆಟೋ ಬಿಟ್ಟು ನಡೆದೇ ಹೊರಟೆವು. ಶುಭಕಾರ್ಯಕ್ಕೆ ಹೊರಟಾಗ ಎಡಕ್ಕೆ ತಿರುಗಬಾರದೆಂಬುದು ನಾನು ನನಗೇ ವಿಧಿಸಿಕೊಂಡಿರುವ ವ್ರತ. ತಾವು ಎಡಕ್ಕೆ ತಿರುಗಿ ಎಂದಾಗಲೆಲ್ಲ ನಾನು ಬಲಕ್ಕೆ ಮೂರು ಸಲ ತಿರುಗಿದೆ. ಕಾಗದದ ಮೇಲೆ ಎರಡೂ ಒಂದೇ. ಆದರೆ ಈ ನಗರದ ಓಣಿಗಳನ್ನು ಹಾಕಿದವರು ಯಾರೋ ಕಾಗದದ ಮೇಲೆ ಹಾಕಿಲ್ಲ. ಮೊದಲ ಬಲ ತಿರುವು ನಮ್ಮನ್ನು ಬೀಗದ ಅಂಗಡಿಗಳ ಸಾಲಿಗೂ, ಎರಡನೆಯದು ಒಬ್ಬರ ಹಿತ್ತಲಿಗೂ, ಮೂರನೆಯದು ಪುನಃ ಅದೇ ಬೀಗದ ಅಂಗಡಿಗಳಿಗೂ ಕರೆದೊಯ್ದಿತು. ಅಷ್ಟಾದರೂ ತಾವು ಗದರಲಿಲ್ಲ, ನಿಟ್ಟುಸಿರು ಬಿಡಲಿಲ್ಲ; ಪ್ರತಿ ಸಲವೂ ಹೊಸ ದಾರಿ ಹುಡುಕಿಕೊಟ್ಟಿರಿ. ಇದನ್ನು ಕಂಡ ಮನೆಯಾಕೆಯು ನಡುಬೀದಿಯಲ್ಲಿ ನಿಂತು, "ಎಷ್ಟು ಚೆನ್ನಾಗಿದೆ ನೋಡ್ರೀ ಇದರ ಬುದ್ಧಿ. ಬೇಕಾದಾಗ ಒಂದು ಮಾತು, ಆಮೇಲೆ ಸುಮ್ಮನೆ. ತಪ್ಪಿ ಹೋದ್ರೂ ಯಾಕೆ ತಪ್ಪಿದಿ ಅಂತ ಪುರಾಣ ತೆಗೆಯಲ್ಲ" ಎಂದಳು. ಪರಪುರುಷರನ್ನಲ್ಲ, ಪರಸ್ತ್ರೀಯನ್ನಲ್ಲ, ಒಂದು ಪೆಟ್ಟಿಗೆಯನ್ನು ಆಕೆ ನನ್ನೆದುರಿಗೆ ಹೊಗಳಿದ್ದು. ಅಸೂಯೆ ಪಡುವುದಾದರೂ ಯಾವ ಮುಖವಿಟ್ಟುಕೊಂಡು?

ಕೊನೆಗೆ "ತಾವು ತಲುಪಿದ್ದೀರಿ" ಎಂದು ಅಪ್ಪಣೆಯಾಯಿತು. ಎದುರಿಗೆ ಅರ್ಧ ತೆರೆದ ತಗಡಿನ ಬಾಗಿಲು. ಒಳಗೆ ಮೇಲಿನಿಂದ ಕೆಳಗಿನವರೆಗೆ ಸಾಲು ಸಾಲು ಬಿಳಿಯ ಪರದೆಗಳು, ಬಿಸಿ ಹಬೆ, ಸೋಪಿನ ಪರಿಮಳ. ಬೋರ್ಡಿಲ್ಲ, ಮೇಜಿಲ್ಲ, ಕ್ಯಾಷ್ ಕೌಂಟರಿಲ್ಲ. ಇಂಥ ನಿರಾಡಂಬರ ಭೋಜನಾಲಯವನ್ನು ನಾನು ಊಹಿಸಿಯೇ ಇರಲಿಲ್ಲ. ಚಪ್ಪಲಿ ಕಳಚಿ, ನಲ್ಲಿಯಲ್ಲಿ ಕಾಲು ತೊಳೆದು, ಒಳಹೊಕ್ಕು, "ಊಟ ಸಿದ್ಧವಿದೆಯೇ?" ಎಂದು ಗಂಭೀರವಾಗಿ ಕೇಳಿದೆ. ನೆಲದ ಮೇಲೆ ಹಾಸಿದ ಚಾದರದ ಸುತ್ತ ಡಬ್ಬಿ ಬಿಚ್ಚುತ್ತಿದ್ದ ಏಳೆಂಟು ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ಅವರಲ್ಲಿ ಹಿರಿಯಳೊಬ್ಬಳು, ತೋಳಿನ ಮೇಲೆ ಇಸ್ತ್ರಿಯ ಸುಟ್ಟ ಗುರುತಿದ್ದವಳು, ಸರಿದು ಜಾಗ ಮಾಡಿ, "ಬನ್ನಿ ಅಜ್ಜ, ಬಾಮ್ಮ, ಕೂತ್ಕೊಳ್ಳಿ. ಎಲ್ಲರ ಡಬ್ಬೀಲೂ ಒಂದಿಷ್ಟಿದೆ" ಎಂದಳು.

ನಾನು ಪ್ರಾರ್ಥನೆ ಮುಗಿಸಿ, ಅನ್ನದ ಮಹಿಮೆಯನ್ನು ಕುರಿತು ನಾಲ್ಕು ಮಾತನ್ನಾಡಲು ಬಾಯಿ ತೆರೆಯುವ ಮುನ್ನ ಶಾಸ್ತ್ರಕ್ಕೆಂದು ಒಂದು ತುತ್ತನ್ನು ಹಾಕಿಕೊಂಡೆ. ಸುಟ್ಟ ಬದನೆಕಾಯಿಗೆ ಹಸಿಮೆಣಸನ್ನು ಅರೆದು ಹಾಕಿದ್ದ ಆ ವ್ಯಂಜನದ ಹೆಸರು ನನಗೆ ತಿಳಿಯದು. ಅದರ ಶಕ್ತಿ ತಿಳಿಯಿತು. ಕಣ್ಣಲ್ಲಿ, ಮೂಗಲ್ಲಿ ನೀರು. ನಾಲಗೆಯಿದ್ದ ಸ್ಥಳದಲ್ಲಿ ಕೆಂಡ. ಮಾತೆಂಬುದು ನನ್ನಿಂದ ಸಂಪೂರ್ಣವಾಗಿ ನಿರ್ಗಮಿಸಿತು. ಚಾದರ ಮಡಿಸುವ ಕೆಲಸದವನೊಬ್ಬ ನೀರಿನ ಚೊಂಬನ್ನು ಮುಂದಿಟ್ಟು, "ಅಜ್ಜ, ಅದನ್ನ ಅನ್ನದಲ್ಲಿ ಕಲಸ್ಕೋಬೇಕು, ಬರೀ ಬಾಯಿಗೆ ಹಾಕಿದ್ರೆ ಮುಗೀತು" ಎಂದ. ಎಲ್ಲರೂ ನಕ್ಕರು. ನಾನು ಉಸಿರು ಎಳೆದು ಬಿಡುವ ಕೆಲಸದಲ್ಲಿದ್ದ ಅಷ್ಟು ಹೊತ್ತೂ ನನ್ನ ಮನೆಯಾಕೆಯು ಅತ್ತಿತ್ತ ನೋಡದೆ ಉಣ್ಣುತ್ತಿದ್ದಳು. ಇವಳ ಡಬ್ಬಿಯ ಸೊಪ್ಪು, ಅವನ ಡಬ್ಬಿಯ ಮೊಸರು, ಬದನೆಕಾಯಿ ಎರಡನೆಯ ಸಲ. ತಟ್ಟೆಯ ಅಂಚನ್ನು ಬೆರಳಿನಿಂದ ಬಳಿದು, "ಯಾಕೋ ಇವತ್ತು ಊಟ ಮಾಡಿದ ಹಾಗಾಯ್ತು" ಎಂದಳು. ನನ್ನ ಕಣ್ಣೀರಿನಲ್ಲಿ ಮೆಣಸಿನ ಪಾಲೆಷ್ಟು, ಉಳಿದದ್ದರ ಪಾಲೆಷ್ಟು ಎಂಬುದನ್ನು ವಿಂಗಡಿಸಲು ಹೋಗುವುದಿಲ್ಲ.

ಮಾತು ಮರಳಿದ ಮೇಲೆ, ಭೋಜನಾಲಯದ ಯಜಮಾನರನ್ನು ಕರೆಯಿರಿ, ಆಶೀರ್ವದಿಸಬೇಕು ಎಂದೆ. "ಯಾವ ಹೋಟ್ಲು ಅಜ್ಜ? ಇದು ಲಾಂಡ್ರಿ. ಆಸ್ಪತ್ರೆ ಚಾದರ ಒಗೀತೀವಿ. ಊಟದ ಅಂಗಡಿ ಗೋಡೆ ಆಚೆ, ಮುಂದಿನ ಬೀದೀಲಿ" ಎಂದಳು ಇಸ್ತ್ರಿಯವಳು, ಬಳಿಕ ಮಡಿಸುವವನತ್ತ ತಿರುಗಿ, "ಅಲ್ವೋ, ಇವ್ರು ನಿನ್ನ ಮಾವ ಅತ್ತೆ ಅಲ್ವಾ?" ಎಂದು ಕೇಳಿದಳು. "ಅಯ್ಯೋ, ನಾನು ನಿಮ್ಮ ಕಡೆಯವ್ರು ಅಂದ್ಕೊಂಡೆ ಅಕ್ಕ!" ಎಂದ ಅವನು. ನಾನು ಪರದೆಯೆಂದು ಭಾವಿಸಿ ಎರಡು ಸಲ ಕೈ ಒರೆಸಿಕೊಂಡಿದ್ದ ಚಾದರವನ್ನು ಒಬ್ಬಳು ಮೆಲ್ಲಗೆ ಇಳಿಸಿ ಪುನಃ ಯಂತ್ರಕ್ಕೆ ಹಾಕಿದಳು.

ಮರುದಿನ ನಾನು ಬುದ್ಧಿವಂತನಾದೆ. ಗುಟ್ಟು ಬದನೆಕಾಯಿಯಲ್ಲಿದೆಯೆಂದು ನಿರ್ಧರಿಸಿ ಮಗಳಿಂದ ಅದನ್ನೇ ಮಾಡಿಸಿ, ಮನೆಯಾಕೆಯ ಪಕ್ಕದಲ್ಲಿ ಕುಳಿತು, ಅದು ಪಿತ್ತಕ್ಕೇನು, ವಾತಕ್ಕೇನು, ಒಂದು ತುತ್ತಿಗೆ ಎಷ್ಟು ಅಗಿತ ಎಂಬುದನ್ನೆಲ್ಲ ಪ್ರೀತಿಯಿಂದ ನಿರೂಪಿಸಿದೆ. ಎರಡು ತುತ್ತಿಗೆ ತಟ್ಟೆ ಸರಿಸಿದಳು. ಅದರ ಮರುದಿನ ವ್ರತವನ್ನೂ ಮುರಿದು, ತಾವು ಎಡಕ್ಕೆಂದಲ್ಲೆಲ್ಲ ಎಡಕ್ಕೇ ತಿರುಗಿ, ಗೋಡೆಯಾಚೆಯ ನಿಜವಾದ ಅಂಗಡಿಗೇ ಹೋದೆವು. ತಟ್ಟೆ ಬಂತು. ಹಸಿವಿನ ತತ್ತ್ವವನ್ನು ನಾನು ಆದಿಯಿಂದ ಹೇಳಿದೆ. ಪಕ್ಕದ ಮೇಜಿನವರು ಎದ್ದು ಬೇರೆ ಮೇಜಿಗೆ ಹೋದರು, ಮನೆಯಾಕೆಯು ಚಮಚ ಕೆಳಗಿಟ್ಟಳು. ಡಾಕ್ಟರು ಹೇಳಿದ ವಾರ ನಾಳೆಗೆ ಮುಗಿಯುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳು. ನಗರದ ಅಜ್ಞಾತ ಸ್ಥಳಗಳನ್ನು ಕಂಡುಹಿಡಿದ ತಾವು, ನನ್ನ ಮನೆಯಾಕೆಯ ಹಸಿವು ಈಗ ಯಾವ ಓಣಿಯಲ್ಲಿದೆಯೆಂಬುದನ್ನು ಕಂಡುಹಿಡಿದು, ಅಲ್ಲಿಗೆ ನಡೆದು ಹೋಗಲು ಎಷ್ಟು ನಿಮಿಷವೆಂದು ತಿಳಿಸಬೇಕು. ಆಕೆಗೆ ಬೇಸರ ಬರುವ ಐವತ್ತು ಮೀಟರ್ ಮೊದಲೇ ನನಗೆ ಸೂಚನೆ ಕೊಡಬೇಕು. ಆಸ್ಪತ್ರೆಯ ಬಾಗಿಲಿಗೆ ಹೋಗುವ ಸಕಲ ರಸ್ತೆಗಳನ್ನೂ ನಾಳೆಯ ಮಟ್ಟಿಗೆ ನಕ್ಷೆಯಿಂದ ಅಳಿಸಿಹಾಕಬೇಕು. ಇವಾವುದೂ ಆಗದಿದ್ದಲ್ಲಿ, ಎಷ್ಟು ಸಲ ತಪ್ಪಿದವನಿಗೂ ಹೊಸ ದಾರಿ ಹುಡುಕಿಕೊಡುವ ಆ ತಾಳ್ಮೆಯಲ್ಲಿ ಒಂದು ಚಿಟಿಕೆಯನ್ನು ಈ ಪ್ರವಚನಕಾರನಿಗೆ ಸಾಲವಾಗಿ ಕೊಡಬೇಕು.

ಅಲ್ಲಿಯವರೆಗೆ, ಎಡವನ್ನೂ ಬಲವನ್ನೂ ತಮಗೇ ಒಪ್ಪಿಸಿದ,

ತಮ್ಮ ವಿಶ್ವಾಸಿ,
ತಲುಪಿಯೂ ತಲುಪದ ಒಬ್ಬ ಮುದುಕ

ವಿಶೇಷ ಸೂಚನೆ: ಸಮಯದ ಅಭಾವದಿಂದ ಈ ಪತ್ರವನ್ನು ಮಧ್ಯಾಹ್ನದ ಊಟದ ಹೊತ್ತಿನಲ್ಲೇ, ಊಟದ ಮೇಜಿನ ಮೇಲೆಯೇ ಬರೆಯಬೇಕಾಯಿತು. ತಲೆ ತಗ್ಗಿಸಿ ಬರೆಯುವ ಭರದಲ್ಲಿ ಇಂದು ಅನ್ನದ ಮಹಿಮೆಯನ್ನು ಹೇಳುವುದು ನನಗೆ ಮರೆತೇಹೋಯಿತು. ಮೇಲಿನ ಸಹಿಯನ್ನು ಹಾಕಿ ಕತ್ತೆತ್ತಿದಾಗ, ಎದುರಿಗಿದ್ದ ಮನೆಯಾಕೆಯು ಬರಿದಾದ ತಟ್ಟೆಯನ್ನು ಮುಂದಕ್ಕೆ ಚಾಚಿ, "ಇನ್ನೊಂದು ಸೌಟು ಹಾಕೇ" ಎಂದು ಮಗಳಿಗೆ ಹೇಳುತ್ತಿದ್ದಳು. ಇದರಲ್ಲಿ ತಮ್ಮ ಪಾತ್ರವೇನೂ ಇಲ್ಲವೆಂಬುದನ್ನು ದಯವಿಟ್ಟು ಗಮನಿಸಿ. ಆ ಹೊತ್ತಿನಲ್ಲಿ ತಾವು ಚಾರ್ಜಿಗೆ ಬಿದ್ದಿದ್ದಿರಿ. ಮಗಳು ಸೌಟು ಹಿಡಿದೇ ಅವಳಮ್ಮನನ್ನು ನೋಡಿದಳು, ನನ್ನ ಪೆನ್ನನ್ನು ನೋಡಿದಳು, ಬಡಿಸಿ, ಚಪ್ಪಲಿ ಮೆಟ್ಟಿ ಅಂಗಡಿಗೆ ಹೋಗಿ, ಐನೂರು ಬಿಳಿ ಹಾಳೆಗಳ ಒಂದು ಕಟ್ಟನ್ನು ತಂದು ನನ್ನ ಮುಂದಿಟ್ಟಿದ್ದಾಳೆ.